ಸತ್ತವರನ್ನು ಮಾತನಾಡಿಸುತ್ತೇವೆ ಎನ್ನುವವರ ಬಳಿಗೆ ಹೋಗಬಹುದೇ? ಕ್ರೈಸ್ತರು ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ಸಾವಾಗಿ ಕೆಲವು ವಾರ ಕಳೆದು, ನೆಂಟರಿಷ್ಟರ ಓಡಾಟ ನಿಂತು, ಮನೆಯವರು ತಮ್ಮ ದುಃಖದೊಡನೆ ಒಂಟಿಯಾಗಿ ಉಳಿದ ಹೊತ್ತಿನಲ್ಲಿ, "ಇಂಥ ಕಡೆ ಒಬ್ಬರಿದ್ದಾರೆ, ಅವರಲ್ಲಿಗೆ ಹೋದರೆ ತೀರಿಕೊಂಡವರು ಬಂದು ಮಾತನಾಡುತ್ತಾರೆ" ಎಂದು ಯಾರಾದರೂ ಹೇಳುವುದುಂಟು. ಈ ಪ್ರಶ್ನೆಗಳಲ್ಲಿ ಹೆಚ್ಚಿನವು ಹುಟ್ಟುವುದು ಆಗಲೇ. ಕುತೂಹಲದಿಂದ ಕೇಳುವವರಿಗಿಂತ ನೋವಿನಿಂದ ಕೇಳುವವರೇ ಹೆಚ್ಚು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ಉತ್ತರ ಬರೆಯಲಾಗಿದೆ.

ಸತ್ತವರನ್ನು ವಿಚಾರಿಸುವುದನ್ನು ಸತ್ಯವೇದ (ಬೈಬಲ್) ಏಕೆ ನಿಷೇಧಿಸುತ್ತದೆ?

ಧರ್ಮೋಪದೇಶಕಾಂಡದ 18ನೆಯ ಅಧ್ಯಾಯದಲ್ಲಿ, ಕಣಿ ಹೇಳುವುದು, ಶಕುನ ನೋಡುವುದು, ಮಾಟ ಮಾಡುವುದು ಇವುಗಳ ಸಾಲಿನಲ್ಲಿಯೇ ಸತ್ತವರನ್ನು ವಿಚಾರಿಸುವುದನ್ನೂ ಸೇರಿಸಿ, ಇವು ದೇವರಿಗೆ ಅಸಹ್ಯವಾದವು ಎಂದು ಹೇಳಲಾಗಿದೆ. ಯಾಜಕಕಾಂಡದ 19 ಮತ್ತು 20ನೆಯ ಅಧ್ಯಾಯಗಳೂ ಇದನ್ನೇ ಹೇಳುತ್ತವೆ. ಹೆಚ್ಚಿನವರು ಈ ವಚನಗಳನ್ನು ಓದಿ ಅಲ್ಲಿಗೇ ನಿಲ್ಲುತ್ತಾರೆ. ಆದರೆ ಕಾರಣ ತಿಳಿಯಬೇಕಾದರೆ ಮುಂದಕ್ಕೆ ಓದಬೇಕು. ಧರ್ಮೋಪದೇಶಕಾಂಡದ ಅದೇ ಅಧ್ಯಾಯದ 15ನೆಯ ವಚನದಲ್ಲಿ, ದೇವರು ತಮ್ಮ ಜನರ ನಡುವೆಯೇ ಒಬ್ಬ ಪ್ರವಾದಿಯನ್ನು ಎಬ್ಬಿಸುವರೆಂದೂ ಜನರು ಅವನ ಮಾತಿಗೆ ಕಿವಿಗೊಡಬೇಕೆಂದೂ ವಾಗ್ದಾನವಿದೆ. ಎಂದರೆ ಕತ್ತಲೆಯಲ್ಲಿರುವ ಮನುಷ್ಯನು ಯಾರನ್ನು ಕೇಳಬೇಕು ಎಂಬ ಪ್ರಶ್ನೆಗೆ ನಿಷೇಧದ ಹಿಂದೆಯೇ ಉತ್ತರವನ್ನೂ ಕೊಡಲಾಗಿದೆ. ಅಶ್ಶೂರದ ಸೈನ್ಯದ ಭಯದಲ್ಲಿ ಯೆಹೂದದ ಜನರು ತತ್ತರಿಸುತ್ತಿದ್ದಾಗ ಪ್ರವಾದಿ ಯೆಶಾಯನು ಕೇಳಿದ್ದೂ ಇದನ್ನೇ: ಬದುಕಿರುವವರ ಸಲುವಾಗಿ ಸತ್ತವರನ್ನು ಕೇಳುವುದೇ, ಜನರು ತಮ್ಮ ದೇವರನ್ನು ಕೇಳಬೇಡವೇ?

ಯಾಜಕಕಾಂಡದಲ್ಲಿ ನನ್ನ ಮನಸ್ಸನ್ನು ತಟ್ಟಿದ ಇನ್ನೊಂದು ಸಂಗತಿಯಿದೆ. 19ನೆಯ ಅಧ್ಯಾಯದ 31ನೆಯ ವಚನ ಸತ್ತವರನ್ನು ವಿಚಾರಿಸುವವರ ಬಳಿಗೆ ಹೋಗಬೇಡಿರಿ ಎನ್ನುತ್ತದೆ. ಅದರ ಬೆನ್ನಿಗೇ ಬರುವ 32ನೆಯ ವಚನ ತಲೆ ನರೆತವರ ಮುಂದೆ ಎದ್ದು ನಿಂತು ಮುದುಕರನ್ನು ಸನ್ಮಾನಿಸಿರಿ ಎನ್ನುತ್ತದೆ. ಈ ಎರಡು ವಚನಗಳನ್ನು ಜೊತೆಯಾಗಿ ಓದಿದಾಗಲೆಲ್ಲ, ಹೋದ ಹಿರಿಯರ ಮಾತಿಗಾಗಿ ಅಲೆಯುವವರು ಮನೆಯ ಮೂಲೆಯಲ್ಲಿ ಕುಳಿತಿರುವ ಅಜ್ಜಿಯ ಮಾತನ್ನು ಕೇಳಿದ್ದಾರೆಯೇ ಎಂದು ಅನ್ನಿಸುತ್ತದೆ.

ಹಾಗಾದರೆ ಏಂದೋರಿನಲ್ಲಿ ಸಮುವೇಲನು ನಿಜವಾಗಿಯೂ ಬಂದನಲ್ಲವೇ?

ಈ ವಿಷಯ ಎತ್ತಿದಾಗ ಎಲ್ಲರೂ ಕೇಳುವ ಪ್ರಶ್ನೆ ಇದು. 1 ಸಮುವೇಲ 28ನೆಯ ಅಧ್ಯಾಯವನ್ನು ನಿಧಾನವಾಗಿ ಓದಬೇಕು. ಫಿಲಿಷ್ಟಿಯರ ಸೈನ್ಯ ಶೂನೇಮಿನಲ್ಲಿ ಪಾಳೆಯ ಹಾಕಿದೆ, ಇಸ್ರಾಯೇಲಿನ ಅರಸ ಸೌಲನ ಪಾಳೆಯ ಗಿಲ್ಬೋವ ಬೆಟ್ಟದ ಮೇಲಿದೆ. ಪ್ರವಾದಿ ಸಮುವೇಲನು ತೀರಿಕೊಂಡಿದ್ದಾನೆ. ಸೌಲನು ದೇವರನ್ನು ಕೇಳುತ್ತಾನೆ. ಕನಸಿನಿಂದಾಗಲಿ, ದೇವರ ಚಿತ್ತ ತಿಳಿಯಲು ಯಾಜಕರು ಬಳಸುತ್ತಿದ್ದ ಊರೀಮಿನಿಂದಾಗಲಿ, ಪ್ರವಾದಿಗಳಿಂದಾಗಲಿ ಉತ್ತರ ಬರುವುದಿಲ್ಲ. ಸತ್ತವರನ್ನು ವಿಚಾರಿಸುವವರನ್ನು ದೇಶದಿಂದ ಹೊರಡಿಸಿದ್ದ ಅದೇ ಅರಸನು ಈಗ ವೇಷ ಮರೆಸಿಕೊಂಡು, ಇಬ್ಬರನ್ನು ಜೊತೆಗೆ ಕರೆದುಕೊಂಡು, ರಾತ್ರಿಯಲ್ಲಿ ಏಂದೋರಿನ ಒಬ್ಬ ಹೆಂಗಸಿನ ಮನೆಗೆ ಹೋಗುತ್ತಾನೆ. ನನ್ನ ಪ್ರಾಣಕ್ಕೆ ಉರುಲು ಒಡ್ಡುತ್ತಿದ್ದೀಯಾ ಎಂದು ಅವಳು ಹೆದರಿದಾಗ, ಆ ಪದ್ಧತಿಯನ್ನು ನಿಷೇಧಿಸಿದ ದೇವರ ಹೆಸರಿನಲ್ಲಿಯೇ ಆಣೆಯಿಟ್ಟು ಅವಳಿಗೆ ಅಭಯ ಕೊಡುತ್ತಾನೆ.

ಸಮುವೇಲನನ್ನು ಕಂಡಾಗ ಆ ಹೆಂಗಸೇ ಗಟ್ಟಿಯಾಗಿ ಕೂಗಿಕೊಂಡಳು ಎಂಬ ಮಾತನ್ನು ಗಮನಿಸಬೇಕು. ಅವಳಿಗೆ ಅದು ದಿನನಿತ್ಯದ ಅನುಭವವಾಗಿದ್ದರೆ ಕೂಗುವ ಅಗತ್ಯವಿರಲಿಲ್ಲ. ಬಂದದ್ದು ಯಾರು ಎಂಬುದರ ಬಗ್ಗೆ ಸಭೆಯ ಹಿರಿಯ ಬೋಧಕರಲ್ಲಿ ಮೊದಲಿನಿಂದಲೂ ಒಮ್ಮತವಿಲ್ಲ. ಅದು ನಿಜವಾದ ಸಮುವೇಲನೇ ಎಂದು ಆರಿಜೆನ್ ವಾದಿಸಿದರೆ, ಸಮುವೇಲನ ರೂಪ ತಾಳಿದ ದುರಾತ್ಮವೆಂದು ತೆರ್ತುಲ್ಲಿಯಾನನು ಬರೆದನು. ಆ ಅಧ್ಯಾಯದ ಕಥನಕಾರನು ಯಾವ ಅನುಮಾನವನ್ನೂ ಸೂಚಿಸದೆ "ಸಮುವೇಲನು ಹೇಳಿದನು" ಎಂದೇ ಬರೆಯುವುದರಿಂದ, ಆ ಒಂದು ಸಲ ದೇವರೇ ಸಮುವೇಲನನ್ನು ಕಳುಹಿಸಿದರು, ಅದರಲ್ಲಿ ಹೆಂಗಸಿನ ಸಾಮರ್ಥ್ಯವೇನೂ ಇರಲಿಲ್ಲ ಎಂದು ಓದುವುದೇ ನನಗೆ ಸರಿಯಾಗಿ ಕಾಣುತ್ತದೆ. ಬೇರೆ ರೀತಿ ಓದುವ ದೈವಭಕ್ತರೂ ಇದ್ದಾರೆ.

ಹೇಗೆ ಓದಿದರೂ ಸೌಲನಿಗೆ ಅದರಿಂದ ಸಿಕ್ಕಿದ್ದೇನು? ತನ್ನನ್ನು ಏಕೆ ತೊಂದರೆಪಡಿಸಿದೆ ಎಂಬ ಗದರಿಕೆ, ಮೊದಲೇ ಕೇಳಿದ್ದ ತೀರ್ಪಿನ ಪುನರುಚ್ಚಾರ, ನಾಳೆ ನೀನೂ ನಿನ್ನ ಮಕ್ಕಳೂ ಸಾಯುವಿರಿ ಎಂಬ ಸುದ್ದಿ. ಸಂತೈಸುವ ಒಂದು ಮಾತೂ ಅಲ್ಲಿಲ್ಲ. ಅವನು ಉದ್ದಕ್ಕೂ ನೆಲಕ್ಕೆ ಬೀಳುತ್ತಾನೆ. ಹಗಲೂ ರಾತ್ರಿಯೂ ಏನನ್ನೂ ತಿನ್ನದಿದ್ದ ಅವನಿಗೆ ಆ ಹೆಂಗಸು ತನ್ನ ಮನೆಯಲ್ಲಿದ್ದ ಕೊಬ್ಬಿದ ಕರುವನ್ನು ಕೊಯ್ದು, ಹಿಟ್ಟು ನಾದಿ, ಹುಳಿಯಿಲ್ಲದ ರೊಟ್ಟಿ ಸುಟ್ಟು ಬಡಿಸುತ್ತಾಳೆ. ಆ ರಾತ್ರಿ ಅವನಿಗೆ ದೊರೆತ ಒಂದೇ ಕರುಣೆ ಬದುಕಿರುವ ಒಬ್ಬಳ ಕೈಯಿಂದ ಬಂದ ಊಟ. ಈ ಕಥೆಯನ್ನು ಅನುಮತಿಯೆಂದು ಓದಲು ಬರುವುದಿಲ್ಲ. ಸೌಲನ ಸಾವಿಗೆ ಕೊಟ್ಟ ಕಾರಣಗಳಲ್ಲಿ ಈ ಭೇಟಿಯನ್ನೂ ಒಂದಾಗಿ 1 ಪೂರ್ವಕಾಲವೃತ್ತಾಂತ 10ನೆಯ ಅಧ್ಯಾಯ ಹೆಸರಿಸುತ್ತದೆ.

ಹಳೆಯ ಒಡಂಬಡಿಕೆಯ ಈ ನಿಷೇಧ ನಮಗೂ ಅನ್ವಯಿಸುತ್ತದೆಯೇ?

ಅನ್ವಯಿಸುತ್ತದೆ. ಹೊಸ ಒಡಂಬಡಿಕೆಯಲ್ಲೂ ಇದೇ ನಿಲುವು ಕಾಣುತ್ತದೆ. ಫಿಲಿಪ್ಪಿ ಪಟ್ಟಣದಲ್ಲಿ ಕಣಿ ಹೇಳುತ್ತಿದ್ದ ಒಬ್ಬ ದಾಸಿ ಅಪೊಸ್ತಲ ಪೌಲನ ಹಿಂದೆ ಬಂದು, ಇವರು ಪರಾತ್ಪರನಾದ ದೇವರ ದಾಸರು ಎಂದು ಕೂಗಿದಳು. ಅವಳು ಹೇಳಿದ್ದು ಸುಳ್ಳಾಗಿರಲಿಲ್ಲ. ಆದರೂ ಪೌಲನು ಆ ಸಾಕ್ಷಿಯನ್ನು ಒಪ್ಪದೆ, ಅವಳನ್ನು ಹಿಡಿದಿದ್ದ ಆತ್ಮವನ್ನು ಹೊರಡಿಸಿದನು. ಆಗ ಸಿಟ್ಟಿಗೆದ್ದವರು ಅವಳಿಂದ ಸಂಪಾದನೆ ಮಾಡುತ್ತಿದ್ದ ಯಜಮಾನರು. ಎಫೆಸದಲ್ಲಿ ಮಾಟಮಂತ್ರ ನಡಿಸುತ್ತಿದ್ದವರು ನಂಬಿದ ಮೇಲೆ 50,000 ಬೆಳ್ಳಿ ನಾಣ್ಯಗಳಷ್ಟು ಬೆಲೆಯ ತಮ್ಮ ಪುಸ್ತಕಗಳನ್ನು ಎಲ್ಲರ ಮುಂದೆ ಸುಟ್ಟುಹಾಕಿದರು. ಅವನ್ನು ಮಾರಿ ಹಣ ಮಾಡಿಕೊಳ್ಳಬಹುದಾಗಿತ್ತು, ಆದರೂ ಮಾರಲಿಲ್ಲ.

ರೂಪಾಂತರದ ಬೆಟ್ಟದ ಮೇಲೆ, ಬಹುಕಾಲದ ಹಿಂದೆಯೇ ಲೋಕ ಬಿಟ್ಟುಹೋಗಿದ್ದ ಮೋಶೆ ಮತ್ತು ಎಲೀಯರು ಯೇಸುವಿನೊಡನೆ ಮಾತನಾಡಿದರಲ್ಲ ಎಂದು ಕೆಲವರು ಕೇಳುತ್ತಾರೆ. ಅಲ್ಲಿ ಯಾವ ಶಿಷ್ಯನೂ ಅವರನ್ನು ಕರೆಯಲಿಲ್ಲ, ಅವರಿಗೆ ಒಂದು ಪ್ರಶ್ನೆಯನ್ನೂ ಹಾಕಲಿಲ್ಲ. ಮೋಡದಿಂದ ಬಂದ ವಾಣಿ ತೋರಿಸಿದ್ದು ಮಗನನ್ನು, ಆತನ ಮಾತನ್ನು ಕೇಳಿರಿ ಎಂದು.

ನಮ್ಮವರು ಈಗ ಎಲ್ಲಿದ್ದಾರೆ? ಅವರಿಗೆ ನಮ್ಮ ಮಾತು ಕೇಳಿಸುತ್ತದೆಯೇ?

ಕ್ರಿಸ್ತನಲ್ಲಿ ನಿದ್ರೆಹೋದವರು ಕ್ರಿಸ್ತನ ಜೊತೆಯಲ್ಲಿದ್ದಾರೆ ಎಂಬುದೇ ನಮ್ಮ ನಂಬಿಕೆಯ ಆಧಾರ. ಶಿಲುಬೆಯಲ್ಲಿದ್ದ ಕಳ್ಳನಿಗೆ ಯೇಸು "ಈ ದಿನವೇ" ಎಂದು ಮಾತು ಕೊಟ್ಟರು. ಐಶ್ವರ್ಯವಂತ ಮತ್ತು ಲಾಜರನ ಸಾಮ್ಯದಲ್ಲಿ, ಸತ್ತವನೊಬ್ಬನನ್ನು ತನ್ನ ಐದು ಮಂದಿ ಸಹೋದರರ ಬಳಿಗೆ ಕಳುಹಿಸಬೇಕೆಂಬ ಬೇಡಿಕೆಗೆ, ಅವರಿಗೆ ಮೋಶೆಯೂ ಪ್ರವಾದಿಗಳೂ ಇದ್ದಾರೆ ಎಂದಷ್ಟೇ ಉತ್ತರ ಬರುತ್ತದೆ. ಅವರಿಗೆ ನಮ್ಮ ಮಾತು ಕೇಳಿಸುತ್ತದೆಯೋ ಇಲ್ಲವೋ ಎಂಬುದರ ಬಗ್ಗೆ ಸತ್ಯವೇದ ಹೆಚ್ಚೇನೂ ಹೇಳುವುದಿಲ್ಲ. ಅದು ಮೌನವಾಗಿರುವ ಕಡೆ ನಾವೂ ಮೌನವಾಗಿರುವುದು ಲೇಸು.

ಆದರೆ ಆ ವ್ಯಕ್ತಿ ಹೇಳಿದ್ದೆಲ್ಲ ನಿಜವಾಯಿತು. ಅವರಿಗೆ ಹೇಗೆ ಗೊತ್ತಾಯಿತು?

ಇಂಥ ಮಾತುಕತೆ ನಡೆಯುವ ಬಗೆಯನ್ನು ಹತ್ತಿರದಿಂದ ನೋಡೋಣ. "ಎದೆಯ ಹತ್ತಿರ ಏನೋ ನೋವು ಕಾಣಿಸುತ್ತಿದೆ" ಎಂದು ಆರಂಭವಾಗುತ್ತದೆ. ಹೃದಯ, ಶ್ವಾಸಕೋಶ, ಕೊನೆಯ ಉಸಿರಿನ ಸಂಕಟ ಎಲ್ಲವೂ ಅದರೊಳಗೆ ಸೇರುತ್ತವೆ. ಮಗಳು ತಲೆಯಾಡಿಸುತ್ತಾಳೆ. "ಹೇಳಬೇಕಾದದ್ದನ್ನು ಹೇಳಲು ಆಗಲಿಲ್ಲ ಎಂದು ಕೊರಗುತ್ತಿದ್ದಾರೆ." ತಂದೆಯನ್ನು ಕಳೆದುಕೊಂಡ ಯಾವ ಮಗಳಿಗೆ ಹಾಗೆ ಅನ್ನಿಸುವುದಿಲ್ಲ? ಅವಳ ಕಣ್ಣು ತುಂಬುತ್ತದೆ. "ಒಂದು ಕೈಗಡಿಯಾರವೋ, ಕನ್ನಡಕವೋ..." ಎಂದು ಅರ್ಧಕ್ಕೆ ನಿಲ್ಲಿಸಿದರೆ, "ಹೌದು, ಕನ್ನಡಕ! ಅಮ್ಮ ಅದನ್ನು ಇನ್ನೂ ತೆಗೆದಿಟ್ಟಿದ್ದಾಳೆ" ಎಂದು ಉಳಿದರ್ಧವನ್ನು ಮಗಳೇ ತುಂಬುತ್ತಾಳೆ. ಮನೆಗೆ ಬಂದ ಮೇಲೆ ಅವಳ ನೆನಪಿನಲ್ಲಿ ಉಳಿಯುವುದು, ಅಪ್ಪನ ಕನ್ನಡಕದ ವಿಷಯ ಅವರಿಗೆ ಹೇಗೋ ಗೊತ್ತಿತ್ತು ಎಂಬುದು. ತಪ್ಪಿಹೋದ ಊಹೆಗಳು ಮರೆತುಹೋಗುತ್ತವೆ. ಈಗಂತೂ ಮೊದಲೇ ಹೆಸರು ಮತ್ತು ಫೋನ್ ನಂಬರ್ ಕೊಟ್ಟು ಸಮಯ ಗೊತ್ತುಮಾಡಿಕೊಳ್ಳುವವರ ಫೇಸ್‌ಬುಕ್ ಪುಟದಲ್ಲಿ ಶ್ರದ್ಧಾಂಜಲಿಯ ಫೋಟೋ, ತಾರೀಖು, ಕಾಯಿಲೆಯ ವಿವರ ಎಲ್ಲವೂ ಸಿಗುತ್ತವೆ.

ಸಂಘಟಿತವಾಗಿ ಆತ್ಮಗಳನ್ನು ಕರೆಸುವ ಆಧುನಿಕ ಚಳವಳಿ ಆರಂಭವಾದದ್ದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹೈಡ್ಸ್‌ವಿಲ್ ಎಂಬ ಹಳ್ಳಿಯಲ್ಲಿ, 1848ರ ಮಾರ್ಚ್ ಕೊನೆಯಲ್ಲಿ. ಫಾಕ್ಸ್ ಕುಟುಂಬದ ಮ್ಯಾಗಿ ಮತ್ತು ಕೇಟ್ ಎಂಬ ಹುಡುಗಿಯರು ಕೇಳಿದ ಪ್ರಶ್ನೆಗಳಿಗೆ ಟಕ್ ಟಕ್ ಎಂಬ ಬಡಿತಗಳು ಉತ್ತರವಾಗಿ ಬರುತ್ತಿದ್ದವು. ನಲವತ್ತು ವರ್ಷಗಳ ನಂತರ, 1888ರಲ್ಲಿ, ಮ್ಯಾಗಿ ನ್ಯೂಯಾರ್ಕ್ ನಗರದ ರಂಗಮಂದಿರವೊಂದರ ವೇದಿಕೆಯ ಮೇಲೆ ನಿಂತು, ಆ ಸದ್ದು ತನ್ನ ಕಾಲ್ಬೆರಳಿನ ಕೀಲಿನದು ಎಂದು ಜನರ ಮುಂದೆ ಮಾಡಿ ತೋರಿಸಿದಳು. ಮರುವರ್ಷ ಆ ಒಪ್ಪಿಗೆಯನ್ನು ಹಿಂತೆಗೆದುಕೊಂಡಳು ಎಂಬುದನ್ನೂ ಹೇಳಲೇಬೇಕು. ಆದರೆ ತೋರಿಸಿದ್ದನ್ನು ಜನ ಕಂಡಿದ್ದರು. ಅಷ್ಟರಲ್ಲಿ ಚಳವಳಿ ಸಾಗರ ದಾಟಿ ಹಬ್ಬಿಯಾಗಿತ್ತು. ಮೊದಲನೆಯ ಮಹಾಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳು ಅದರ ಕಡೆಗೆ ತಿರುಗಿದರು. ಅವರಲ್ಲಿ 1915ರಲ್ಲಿ ಮಗನನ್ನು ಕಳೆದುಕೊಂಡ ಭೌತವಿಜ್ಞಾನಿ ಆಲಿವರ್ ಲಾಡ್ಜ್ ಅವರೂ ಒಬ್ಬರು. ಓದು, ಬುದ್ಧಿ ಯಾವುದೂ ಈ ಹಸಿವಿನಿಂದ ಕಾಪಾಡುವುದಿಲ್ಲ.

ಜಾದೂಗಾರ ಹೂಡಿನಿಗೆ ತಾಯಿಯೆಂದರೆ ಪ್ರಾಣ. ಆಕೆ 1913ರಲ್ಲಿ ತೀರಿಕೊಂಡಳು. 1922ರಲ್ಲಿ ಲೇಖಕ ಆರ್ಥರ್ ಕಾನನ್ ಡಾಯ್ಲ್ ಅವರ ಹೆಂಡತಿ, ಆ ತಾಯಿಯ ಆತ್ಮವೇ ಬರೆಸುತ್ತಿದೆಯೆಂದು ಹಾಳೆಗಟ್ಟಲೆ ಬರೆದುಕೊಟ್ಟಳು. ಮೊದಲ ಹಾಳೆಯ ಮೇಲೆ ಶಿಲುಬೆಯ ಗುರುತಿತ್ತು, ಬರಹ ಇಂಗ್ಲಿಷಿನಲ್ಲಿತ್ತು. ಹೂಡಿನಿಯ ತಾಯಿ ಯೆಹೂದಿ ರಬ್ಬಿಯೊಬ್ಬರ ಹೆಂಡತಿ, ಆಕೆಗೆ ಇಂಗ್ಲಿಷ್ ಬರುತ್ತಿದ್ದುದು ಅಷ್ಟಕ್ಕಷ್ಟೇ. ಡಾಯ್ಲ್ ದಂಪತಿ ಮೋಸಗಾರರಾಗಿರಲಿಲ್ಲ, ತಾವು ಮಾಡುತ್ತಿದ್ದುದನ್ನು ಮನಸಾರೆ ನಂಬಿದ್ದರು. ಪ್ರಾಮಾಣಿಕರೂ ತಮ್ಮ ಮನಸ್ಸಿನಿಂದ ಬಂದದ್ದನ್ನು ಸತ್ತವರ ಮಾತೆಂದು ತಿಳಿಯಬಹುದು ಎಂಬುದಕ್ಕಾಗಿಯೇ ಈ ಪ್ರಸಂಗವನ್ನು ಇಲ್ಲಿ ಹೇಳಿದ್ದು.

ಎಲ್ಲವೂ ಮೋಸವೇ, ಅಥವಾ ದುರಾತ್ಮಗಳ ಕೆಲಸವೂ ಇದೆಯೇ?

ಬಹುಪಾಲು ಊಹೆ, ಕೈಚಳಕ ಮತ್ತು ತನಗೆ ತಾನೇ ಮಾಡಿಕೊಂಡ ಮೋಸ ಎಂದು ಹೇಳಿದರೆ ತಪ್ಪಾಗಲಾರದು. ಆದರೆ ಕಣ್ಣಿಗೆ ಕಾಣದ ಕೆಟ್ಟ ಶಕ್ತಿಗಳಿವೆ ಎಂದೂ, ಸೈತಾನನು ಪ್ರಕಾಶರೂಪವುಳ್ಳ ದೇವದೂತನ ವೇಷ ಹಾಕಿಕೊಳ್ಳಬಲ್ಲನೆಂದೂ ಸತ್ಯವೇದ ಹೇಳುವುದರಿಂದ ಕ್ರೈಸ್ತನು ಅದನ್ನು ಅಲ್ಲಗಳೆಯಲಾರನು. ಯಾವುದು ಯಾವುದೆಂದು ವಿಂಗಡಿಸುವ ಹೊಣೆ ದುಃಖದಲ್ಲಿರುವವರ ಮೇಲಿಲ್ಲ. ಮೋಸವಾಗಿದ್ದರೆ ಹೋಗಬಾರದು, ಮೋಸವಲ್ಲದಿದ್ದರೆ ಇನ್ನೂ ಹೋಗಬಾರದು.

ಹಾಸ್ಟೆಲಿನಲ್ಲಿ ತಮಾಷೆಗಾಗಿ ಪ್ಲಾಂಚೆಟ್ ಆಡಿದೆವು. ನಾಣ್ಯ ತಾನಾಗಿಯೇ ಸರಿಯಿತು. ಅದು ಹೇಗೆ?

ಕಾಗದದ ಮೇಲೆ ಅಕ್ಷರಗಳನ್ನು ಬರೆದು, ಮೇಣದಬತ್ತಿ ಹಚ್ಚಿ, ನಾಣ್ಯದ ಮೇಲೋ ಬೋರಲು ಹಾಕಿದ ಲೋಟದ ಮೇಲೋ ಬೆರಳಿಡುವ ಈ ಆಟ ನಮ್ಮ ಕಾಲೇಜು ಹಾಸ್ಟೆಲುಗಳಲ್ಲಿ ಹಿಂದಿನಿಂದಲೂ ಇದೆ. ಇದಕ್ಕೆ ಹತ್ತಿರದ ಪ್ರಯೋಗವೊಂದನ್ನು 1853ರಲ್ಲಿ ವಿಜ್ಞಾನಿ ಮೈಕೆಲ್ ಫ್ಯಾರಡೆ ಮಾಡಿದರು. ಸುತ್ತಲೂ ಕುಳಿತು ಕೈಯಿಟ್ಟರೆ ಮೇಜು ತಾನಾಗಿ ತಿರುಗುತ್ತದೆ ಎಂಬ ನಂಬಿಕೆ ಆಗ ಲಂಡನ್ನಿನಲ್ಲಿ ಹರಡಿತ್ತು. ಅವರು ರಟ್ಟಿನ ಹಾಳೆಗಳನ್ನು ಸರಿದಾಡಬಲ್ಲ ಮೆತ್ತನೆಯ ಅಂಟಿನಿಂದ ಒಂದರ ಮೇಲೊಂದು ಅಂಟಿಸಿ ಕೈಗೂ ಮೇಜಿಗೂ ನಡುವೆ ಇಟ್ಟರು. ಮೇಜು ಕೈಯನ್ನು ಎಳೆದಿದ್ದರೆ ಕೆಳಗಿನ ಹಾಳೆ ಮೊದಲು ಸರಿಯಬೇಕಿತ್ತು, ಸರಿದದ್ದು ಮೇಲಿನದು. ಒತ್ತಡವನ್ನು ತೋರಿಸುವ ಮುಳ್ಳನ್ನು ಕುಳಿತವರ ಕಣ್ಣಿಗೆ ಕಾಣುವಂತೆ ಇಟ್ಟಾಗ ಚಲನೆಯೇ ನಿಂತಿತು. ತಳ್ಳುತ್ತಿದ್ದವರು ಅವರೇ, ಆದರೆ ಅದು ಅವರಿಗೇ ಗೊತ್ತಿರಲಿಲ್ಲ. ಫ್ಯಾರಡೆ ಒಂದು ಸಣ್ಣ ಕ್ರೈಸ್ತ ಸಭೆಯ ನಿಷ್ಠಾವಂತ ಸದಸ್ಯರಾಗಿದ್ದರು. ವಿಶ್ವಾಸಿಯೊಬ್ಬ ಸತ್ಯವನ್ನು ಹೀಗೆ ತಾಳ್ಮೆಯಿಂದ ಪರೀಕ್ಷಿಸಿದ್ದು ನನಗೆ ಬಹಳ ಸಂತೋಷ ಕೊಡುತ್ತದೆ.

ಆದರೂ ಆಟವೆಂದು ಇದನ್ನು ಆಡಬೇಡಿರಿ. ಗುಂಪಿನಲ್ಲಿ ಯಾರೋ ಒಬ್ಬರು ಈಚೆಗೆ ತಾಯಿಯನ್ನು ಕಳೆದುಕೊಂಡಿರುತ್ತಾರೆ, ಇನ್ನೊಬ್ಬರು ಮೊದಲೇ ಭಯದ ಸ್ವಭಾವದವರಾಗಿರುತ್ತಾರೆ. ನಾಣ್ಯ ತೋರಿಸಿದ ಒಂದು ಕೆಟ್ಟ ಮಾತು ಅವರ ನಿದ್ರೆಯನ್ನು ತಿಂಗಳುಗಟ್ಟಲೆ ಕೆಡಿಸಬಲ್ಲದು.

ತೀರಿಕೊಂಡ ಗಂಡ ಕನಸಿನಲ್ಲಿ ಬರುತ್ತಾರೆ, ಕೆಲವೊಮ್ಮೆ ಪಕ್ಕದಲ್ಲೇ ಇದ್ದಂತೆ ಅನ್ನಿಸುತ್ತದೆ. ಇದು ಪಾಪವೇ?

ಖಂಡಿತ ಅಲ್ಲ. ವೇಲ್ಸಿನ ವೈದ್ಯ ಡ್ಯೂಯಿ ರೀಸ್ 1971ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂಗಾತಿಯನ್ನು ಕಳೆದುಕೊಂಡ 293 ಮಂದಿಯಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನರು ಇಂಥ ಅನುಭವವನ್ನು ಹೇಳಿಕೊಂಡರು. ಅಡುಗೆಮನೆಯಲ್ಲಿ ಹೆಜ್ಜೆಯ ಸದ್ದು ಕೇಳಿಸುವುದು, ಸಂಜೆ ಬಾಗಿಲ ಕಡೆಗೆ ಕಣ್ಣು ಹೋಗುವುದು, ಇವು ವರ್ಷಗಟ್ಟಲೆ ಜೊತೆಗೆ ಬಾಳಿದ ಪ್ರೀತಿಯ ರೂಢಿ. ಸತ್ಯವೇದ ನಿಷೇಧಿಸಿರುವುದು ನಾವಾಗಿ ಅವರನ್ನು ಕರೆಸಿ ವಿಚಾರಿಸುವುದನ್ನು. ಕನಸಿನಲ್ಲಿ ಬಂದವರು ಏನೋ ಮಾಡು ಎಂದರೆಂದು ಅದನ್ನು ಅಪ್ಪಣೆಯಾಗಿ ಹಿಡಿದುಕೊಳ್ಳಬೇಡಿರಿ, ಅಷ್ಟೇ. ಭಯವಾಗುವಂತಿದ್ದರೆ, ಊಟ ನಿದ್ರೆ ಬಿಟ್ಟುಹೋಗಿದ್ದರೆ, ಪ್ರಾರ್ಥನೆಯ ಜೊತೆಗೆ ವೈದ್ಯರನ್ನೂ ಕಾಣಿರಿ.

ಹಾಗಾದರೆ ಸತ್ತವರಿಗಾಗಿ ಪ್ರಾರ್ಥಿಸುವುದು, ಸಂತರ ಮೊರೆ ಹೋಗುವುದು?

ಇಲ್ಲಿ ಸಭೆಗಳ ನಡುವೆ ನಿಜವಾದ ಭಿನ್ನಾಭಿಪ್ರಾಯವಿದೆ. ಕಥೋಲಿಕರು ನವೆಂಬರ್ 2ರಂದು ಸಮಾಧಿಗಳಿಗೆ ಹೂವಿಟ್ಟು, ಮೇಣದಬತ್ತಿ ಹಚ್ಚಿ, ಸಕಲ ಮೃತರಿಗಾಗಿ ಪ್ರಾರ್ಥಿಸುತ್ತಾರೆ. ಮಂಗಳೂರಿನಂಥ ಊರುಗಳಲ್ಲಿ ಆ ದಿನ ಸಮಾಧಿಸ್ಥಳಗಳು ಜನರಿಂದ ತುಂಬುತ್ತವೆ. ಪ್ರೊಟೆಸ್ಟೆಂಟ್ ಸಭೆಗಳು ಸಾಮಾನ್ಯವಾಗಿ ಮೃತರಿಗಾಗಿ ದೇವರಿಗೆ ಕೃತಜ್ಞತೆ ಸಲ್ಲಿಸುತ್ತವೆ, ಅವರ ಪರವಾಗಿ ಬೇಡುವುದಿಲ್ಲ. ಆದರೆ ನಮ್ಮ ವಿಷಯದಲ್ಲಿ ಎರಡೂ ಕಡೆಯವರು ಒಂದೇ. ಆತ್ಮಗಳನ್ನು ಕರೆಸುವ ಕೂಟಗಳಿಗೆ, ನೋಡುವುದಕ್ಕೆಂದು ಕೂಡ, ಹೋಗಬಾರದೆಂದು ರೋಮ್ 1917ರಲ್ಲಿ ಸ್ಪಷ್ಟವಾಗಿ ಆಜ್ಞಾಪಿಸಿತು. ಸಂತರ ಮೊರೆ ಹೋಗುವ ಕಥೋಲಿಕ ಭಕ್ತನು ಬೇಡುವುದು ತನಗಾಗಿ ದೇವರಲ್ಲಿ ಪ್ರಾರ್ಥಿಸಿರೆಂದು. ಗುಟ್ಟಿನ ಸುದ್ದಿಯನ್ನಾಗಲಿ ಭವಿಷ್ಯವನ್ನಾಗಲಿ ಅವನು ಕೇಳುವುದಿಲ್ಲ.

ನೆಂಟರ ಮನೆಯಲ್ಲಿ ಪಕ್ಷದ ದಿನ ಹಿರಿಯರಿಗೆ ಎಡೆ ಇಡುತ್ತಾರೆ. ಹೋಗಬಹುದೇ?

ಮನೆಯಲ್ಲಿ ಮೊದಲಿಗರಾಗಿ ಕ್ರಿಸ್ತನನ್ನು ನಂಬಿದವರು ಇದನ್ನು ಕೇಳುತ್ತಾರೆ. ಎಡೆ ಇಡುವುದೂ ಸತ್ತವರನ್ನು ಕರೆಸಿ ವಿಚಾರಿಸುವುದೂ ಒಂದೇ ಅಲ್ಲ. ಎರಡೂ ಒಂದೇ ಎಂದು ನೆಂಟರ ಮೇಲೆ ಆರೋಪ ಹೊರಿಸುವುದು ಅನ್ಯಾಯ. ಪೂಜೆಯಲ್ಲಿ ಭಾಗಿಯಾಗದೆ, ಹಿರಿಯರನ್ನು ಗೌರವದಿಂದ ಮಾತನಾಡಿಸಿ ಬರುವುದು ಹೆಚ್ಚಿನವರಿಗೆ ಸಾಧ್ಯವಾಗುತ್ತದೆ. ಊಟದ ವಿಷಯದಲ್ಲಿ 1 ಕೊರಿಂಥ 8 ಮತ್ತು 10ನೆಯ ಅಧ್ಯಾಯಗಳನ್ನು ಓದಿ, ನಿಮ್ಮ ಸಭಾಪಾಲಕರೊಡನೆ ಮಾತನಾಡಿ, ಮನಸ್ಸಾಕ್ಷಿಗೆ ತಕ್ಕಂತೆ ನಡೆದುಕೊಳ್ಳಿರಿ.

ಸತ್ತವರ ಧ್ವನಿಯಲ್ಲಿ ಮಾತನಾಡುವ ಎಐ ಬಂದಿದೆಯಲ್ಲ?

ತೀರಿಕೊಂಡವರ ಸಂದೇಶಗಳನ್ನೂ ಧ್ವನಿಮುದ್ರಣಗಳನ್ನೂ ಕೊಟ್ಟರೆ ಅವರಂತೆಯೇ ಉತ್ತರಿಸುವ ತಂತ್ರಾಂಶಗಳು ಈಗ ನಿಜವಾಗಿಯೂ ಇವೆ. ಇಲ್ಲಿ ಯಾವ ಆತ್ಮವನ್ನೂ ಕರೆಯದೆ ಇರುವುದರಿಂದ ಧರ್ಮೋಪದೇಶಕಾಂಡದ ಮಾತು ಇದಕ್ಕೆ ನೇರವಾಗಿ ಅನ್ವಯಿಸುತ್ತದೆ ಎಂದು ನಾನು ಹೇಳಲಾರೆ. ಅಮ್ಮನ ಹಳೆಯ ವಾಯ್ಸ್ ಮೆಸೇಜನ್ನು ಮತ್ತೆ ಮತ್ತೆ ಕೇಳುವುದರಲ್ಲಿ ತಪ್ಪಿಲ್ಲ. ಅದು ಆಕೆ ಆಡಿದ ಮಾತು. ಆಕೆ ಎಂದೂ ಆಡದ ಮಾತನ್ನು ಆಕೆಯ ಧ್ವನಿಯಲ್ಲಿ ಆಡಿಸಿ, "ಅಮ್ಮಾ, ಈ ಸಂಬಂಧಕ್ಕೆ ಒಪ್ಪಿಕೊಳ್ಳಲೇ?" ಎಂದು ಕೇಳತೊಡಗಿದಾಗ ಮಾತ್ರ ನಾವು ಸೌಲನ ದಾರಿಗೆ ಬಹಳ ಹತ್ತಿರ ಬಂದಿರುತ್ತೇವೆ. ದುಡ್ಡು ಕಟ್ಟಿದಷ್ಟು ಕಾಲ ಮಾತ್ರ ಮಾತನಾಡುವ ತಾಯಿಯನ್ನು ಅವಲಂಬಿಸುವಂತೆ ಯಾರನ್ನೂ ಮಾಡಬಾರದು.

ನಾನು ಈಗಾಗಲೇ ಹೋಗಿ ಬಂದಿದ್ದೇನೆ. ಕ್ಷಮೆಯಿದೆಯೇ?

ಇದೆ. ಎಫೆಸದವರು ತಾವು ಮಾಡಿದ್ದನ್ನು ಒಪ್ಪಿಕೊಂಡು ಬಿಟ್ಟುಬಿಟ್ಟರು, ಸಭೆ ಅವರನ್ನು ಸೇರಿಸಿಕೊಂಡಿತು. ದೇವರ ಮುಂದೆ ಹಾಗೆಯೇ ಹೇಳಿಕೊಳ್ಳಿರಿ. ಕಥೋಲಿಕರಾಗಿದ್ದರೆ ಪಾಪನಿವೇದನೆ ಮಾಡಿರಿ. ಅಲ್ಲಿಂದ ತಂದ ತಾಯಿತ, ಬರೆದುಕೊಟ್ಟ ಚೀಟಿ ಇದ್ದರೆ ಬಿಸಾಡಿರಿ. ಅವು ನಿಮಗೆ ಏನೂ ಮಾಡಲಾರವು. ಇನ್ನಷ್ಟು ಹಣ ಕೊಡದಿದ್ದರೆ ಆತ್ಮ ಮುನಿಯುತ್ತದೆ ಎಂದು ಯಾರಾದರೂ ಹೆದರಿಸುತ್ತಿದ್ದರೆ ಒಂದು ರೂಪಾಯಿಯನ್ನೂ ಕೊಡಬೇಡಿರಿ, ಮನೆಯವರಿಗೆ ತಿಳಿಸಿರಿ, ಅಗತ್ಯವಾದರೆ ಪೊಲೀಸರಿಗೆ ದೂರು ಕೊಡಿರಿ.

ನಮ್ಮ ಅಕ್ಕ ಮಗನನ್ನು ಕಳೆದುಕೊಂಡ ಮೇಲೆ ಇಂಥವರ ಬಳಿಗೆ ಹೋಗುತ್ತಿದ್ದಾಳೆ. ಹೇಗೆ ಹೇಳಲಿ?

ವಚನ ತೆಗೆದುಕೊಂಡು ಹೋಗಿ ಮೊದಲ ದಿನವೇ ವಾದಕ್ಕಿಳಿಯಬೇಡ ಎನ್ನುತ್ತೇನೆ. ಆಕೆಗೆ ಬೇಕಾಗಿರುವುದು ಮಗನ ಬಗ್ಗೆ ಮಾತನಾಡುವುದು. ಹೆಚ್ಚಿನ ಮನೆಗಳಲ್ಲಿ, ನೆನಪಿಸಿದರೆ ಅಳುತ್ತಾಳೆಂದು ಆ ಹುಡುಗನ ಹೆಸರನ್ನೇ ಎತ್ತುವುದಿಲ್ಲ. ಹೆಸರನ್ನು ಎತ್ತುವವರು ಹಣ ತೆಗೆದುಕೊಳ್ಳುವ ಆ ಮನುಷ್ಯನೊಬ್ಬನೇ ಆದಾಗ ಆಕೆ ಇನ್ನೆಲ್ಲಿಗೆ ಹೋಗಬೇಕು? ತಮ್ಮ ಸ್ನೇಹಿತನಾದ ಲಾಜರನ (ಸಾಮ್ಯದ ಲಾಜರನಲ್ಲ) ಸಮಾಧಿಯ ಬಳಿ, ಇನ್ನು ಸ್ವಲ್ಪ ಹೊತ್ತಿಗೆ ಅವನನ್ನು ಎಬ್ಬಿಸಲಿದ್ದೇನೆಂದು ತಿಳಿದಿದ್ದರೂ ಯೇಸು ಅತ್ತರು. ದಾವೀದನು ತನ್ನ ಮಗು ಸತ್ತಾಗ, ನಾನು ಅದರ ಬಳಿಗೆ ಹೋಗುವೆನೇ ಹೊರತು ಅದು ನನ್ನ ಬಳಿಗೆ ಬರಲಾರದು ಎಂದನು. ಹಾಗೆ ಹೇಳಿದ ಮೇಲೆ ಅವನು ಮಾಡಿದ್ದು ಹೆಂಡತಿಯನ್ನು ಸಂತೈಸುವುದು.

ಆದ್ದರಿಂದ ವಾರಕ್ಕೊಂದು ಸಲವಾದರೂ ಅಕ್ಕನ ಮನೆಗೆ ಹೋಗು. ಫೋಟೋಗಳ ಆಲ್ಬಮ್ ತೆಗೆಸು. ಅವನು ಎಸ್‌ಎಸ್‌ಎಲ್‌ಸಿಯಲ್ಲಿ ಎಷ್ಟು ಅಂಕ ತೆಗೆದ, ಯಾವ ಸಾರು ಬಡಿಸಿದರೆ ಮುಖ ಸಿಂಡರಿಸುತ್ತಿದ್ದ ಎಂಬುದನ್ನೆಲ್ಲ ಆಕೆ ಹತ್ತನೆಯ ಸಲ ಹೇಳಿದರೂ ಕೇಳು. ಅವನ ಹುಟ್ಟುಹಬ್ಬದ ದಿನ, ವರ್ಷದ ದಿನ ಆಕೆಯನ್ನು ಒಂಟಿಯಾಗಿ ಬಿಡಬೇಡ. ಸಭೆಯ ಇಬ್ಬರು ಮೂವರು ಹೆಂಗಸರನ್ನು ಕರೆದುಕೊಂಡು ಹೋಗಿ ಜೊತೆಯಲ್ಲಿ ಪ್ರಾರ್ಥಿಸು. ಆಕೆ ತಾನಾಗಿಯೇ "ಅವರ ಹತ್ತಿರ ಹೋಗುವುದು ತಪ್ಪಾ?" ಎಂದು ಕೇಳುವ ದಿನ ಬರುತ್ತದೆ. ಆಗ ಮುಚ್ಚಿಡದೆ, ಮೆಲ್ಲಗೆ, ತಪ್ಪು ಅಕ್ಕಾ ಎಂದು ಹೇಳಿ, ಏಕೆ ತಪ್ಪೆಂಬುದನ್ನು ತಿಳಿಸಿ, ಮುಂದಿನ ಸಲ ಹೋಗಬೇಕೆನಿಸಿದಾಗ ಯಾವ ಹೊತ್ತಿನಲ್ಲಾದರೂ ನನಗೆ ಫೋನ್ ಮಾಡು ಎಂದು ಮಾತು ತೆಗೆದುಕೊಂಡು ಬಾ. ಅವಳು ಫೋನ್ ಮಾಡಿದಾಗ ಎತ್ತು.